ಹಳೇ ಮಾದರಿ ರೈಲು ಉಳಿಸಿಕೊಳ್ಳಲಾ, ಡಿಜಿಟಲ್ ಕೊಳ್ಳಲಾ? ಕೆಟ್ಟರೆ ಯಾವುದನ್ನು ಮನೆಯಲ್ಲೇ ರಿಪೇರಿ ಮಾಡಬಹುದು?

ಉರಿಗಾಂ_ಲೈನ್ (ಕೆಜಿಎಫ್)
ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಫಿಟ್ಟರ್ ಆಗಿದ್ದರು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂದ ಮೇಲೆ ಇಂಗ್ಲಿಷ್ ಕುಟುಂಬಗಳು ಊರು ಬಿಟ್ಟು ಹೋಗುವಾಗ ಬಂಗಲೆ ಸಾಮಾನು ಮಾರಿದರಂತೆ. ಹಾಗೆ ನಮ್ಮ ಮನೆಗೆ ಒಂದು ಮಾದರಿ ರೈಲಿನ ಸೆಟ್ಟು ಬಂತು. ಬ್ರಿಟನ್ನಿನಲ್ಲಿ ಮಾಡಿದ್ದು, ಮೂರು ಹಳಿಯದು, 12 ವೋಲ್ಟ್ ಡಿಸಿ. ಒಂದು ಟ್ಯಾಂಕ್ ಎಂಜಿನ್, ಗೂಡ್ಸ್ ಡಬ್ಬಿಗಳು, ಒಂದು ಗಾರ್ಡ್ ವ್ಯಾನ್. ದಸರಾ ಬಂದರೆ ಅಪ್ಪ ಅದನ್ನು ಗೊಂಬೆಗಳ ಸುತ್ತ ಓಡಿಸುತ್ತಿದ್ದರು. ಬೀದಿಯ ಮಕ್ಕಳೆಲ್ಲ ನಮ್ಮ ಮನೇಲೇ ಇರೋರು.

ಈಗ ಎಂಜಿನ್ ಕೈಯಲ್ಲಿ ಸ್ವಲ್ಪ ತಳ್ಳಿದರೆ ಮಾತ್ರ ಹೊರಡುತ್ತದೆ. ಸ್ವಲ್ಪ ಹೊತ್ತು ಓಡಿದರೆ ಮೋಟರ್ ಕೈ ಇಡೋಕೆ ಆಗದಷ್ಟು ಬಿಸಿಯಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಈ ಕಡೆ ಮಗಳು ಡಿಜಿಟಲ್ ಎಂಜಿನ್ ವಿಡಿಯೋ ನೋಡಿ ಅದೇ ಬೇಕು ಅಂತಿದ್ದಾಳೆ. ಶಿಳ್ಳೆ, ಹೊಗೆ, ದೀಪ ಎಲ್ಲಾ ಇರೋದು. ಬೆಲೆಗೆ ನಾನು ಹೆದರುವುದಿಲ್ಲ. ಆದರೆ ಅದು ಕೆಟ್ಟರೆ ಇಲ್ಲಿ ಯಾರು ರಿಪೇರಿ ಮಾಡುತ್ತಾರೆ? ಹಳೆಯದಕ್ಕೇ ಡಿಜಿಟಲ್ ಚಿಪ್ ಹಾಕಬಹುದಾ? ಅನುಭವ ಇದ್ದವರು ಹೇಳಿ.

ಹಳಿಪ್ರಿಯ (ಮೈಸೂರು)
ಮೊದಲನೇ ಮಾತು, ಆ ಸೆಟ್ಟನ್ನು ಯಾರಿಗೂ ಮಾರಬೇಡಿ. ಎರಡನೇದು, ಸುಟ್ಟ ವಾಸನೆ ಬರ್ತಾ ಇದ್ರೆ ಓಡಿಸೋದು ನಿಲ್ಲಿಸಿ.

ಕಮ್ಯುಟೇಟರ್_ಕಾಕಾ (ಹುಬ್ಬಳ್ಳಿ)
ನೀವು ಹೇಳುತ್ತಿರುವ ಲಕ್ಷಣ ಹಳೇ ಮೋಟರುಗಳಲ್ಲಿ ಮಾಮೂಲಿ. ಹೆದರಬೇಡಿ, ಮೂರು ಕಡೆ ನೋಡಬೇಕು.

ಬಾಡಿ ತೆಗೆದರೆ ಮೋಟರ್ ಪೂರ್ತಿ ಬಯಲಿಗೇ ಕಾಣುತ್ತದೆ. ಹಳೆಯದರ ದೊಡ್ಡ ಗುಣವೇ ಅದು. ಆರ್ಮೇಚರ್, ಅಂದರೆ ತಿರುಗುವ ಸುರುಳಿಯ ತುದಿಯಲ್ಲಿ ತಾಮ್ರದ ಕಮ್ಯುಟೇಟರ್ ಇದೆ, ಮೂರು ತುಂಡಾಗಿರುತ್ತದೆ. ತುಂಡುಗಳ ನಡುವಿನ ಸಂದಿಯಲ್ಲಿ ಕಾರ್ಬನ್ ಪುಡಿ ಮತ್ತು ಹಳೇ ಎಣ್ಣೆ ಸೇರಿ ಕಪ್ಪು ಅಂಟು ಕಟ್ಟಿಕೊಂಡಿರುತ್ತದೆ. ಆ ಅಂಟಿನ ಮೂಲಕವೇ ಕರೆಂಟ್ ಒಂದು ತುಂಡಿನಿಂದ ಇನ್ನೊಂದಕ್ಕೆ ಹಾಯ್ದುಬಿಡುತ್ತದೆ. ಮೋಟರಿಗೆ ಶಕ್ತಿ ಸಿಗುವುದಿಲ್ಲ, ಬಿಸಿ ಮಾತ್ರ ಆಗುತ್ತದೆ. ಮರದ ಹಲ್ಲುಕಡ್ಡಿಯ ತುದಿಯನ್ನು ಚಪ್ಪಟೆ ಕೆತ್ತಿ ಆ ಸಂದಿ ಕೆರೆಯಿರಿ. ಆಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಹತ್ತಿಬಟ್ಟೆಯಿಂದ ತಾಮ್ರ ಒರೆಸಿರಿ. ಮೊಬೈಲ್ ರಿಪೇರಿ ಅಂಗಡಿಯವರು ಬಳಸೋದು ಅದೇ, ಕೇಳಿದರೆ ಕೊಡುತ್ತಾರೆ. ಮರಳು ಕಾಗದ ಮಾತ್ರ ಬೇಡ, ತಾಮ್ರದ ಮೇಲೆ ಗೀರು ಬಿದ್ದರೆ ಅದಕ್ಕೆ ಒತ್ತಿಕೊಂಡು ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಬೇಗ ಸವೆಯುತ್ತದೆ.

ಎರಡನೇದು ಬ್ರಷ್. ಎಣ್ಣೆ ಕುಡಿದಿದ್ದರೆ ಅಥವಾ ತೀರಾ ಗಿಡ್ಡ ಆಗಿದ್ದರೆ ಬದಲಿಸಿ. ಸ್ಪ್ರಿಂಗ್ ಬಿಸಿಗೆ ಮೆತ್ತಗಾಗಿದ್ದರೆ ಅದನ್ನೂ ಬದಲಿಸಿ.

ಮೂರನೇದು ಮ್ಯಾಗ್ನೆಟ್. ವಯಸ್ಸಾದಂತೆ ಸೆಳೆತ ಕಡಿಮೆಯಾಗುತ್ತದೆ. ಸೆಳೆತ ಕಡಿಮೆ ಆದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಒಂದು ವಿಷಯ ನೆನಪಿಡಿ. ಹಳೇ ಆಲ್ನಿಕೋ ಮ್ಯಾಗ್ನೆಟ್ ಆದರೆ ಆರ್ಮೇಚರ್ ಸುಮ್ಮಸುಮ್ಮನೆ ಹೊರಗೆ ತೆಗೆಯಬೇಡಿ. ಕಬ್ಬಿಣದ ತುಂಡು ಅಡ್ಡ ಇಡದೆ ತೆಗೆದರೆ ಇರುವ ಸೆಳೆತವೂ ಇಳಿದುಹೋಗುತ್ತದೆ.

ಮಲ್ಟಿಮೀಟರ್ ಇದ್ದರೆ ಕಮ್ಯುಟೇಟರಿನ ಎರಡೆರಡು ತುಂಡುಗಳ ನಡುವೆ ಓಮ್ ನೋಡಿ. ಮೂರೂ ಅಳತೆ ಹೆಚ್ಚುಕಡಿಮೆ ಒಂದೇ ಬಂದರೆ ಸುತ್ತು ಚೆನ್ನಾಗಿದೆ. ಒಂದು ಬೇರೆ ಬಂದರೆ ಆ ಸುರುಳಿ ಸುಟ್ಟಿದೆ ಅಥವಾ ತುಂಡಾಗಿದೆ.

ತೆಂಗಿನ_ಗರಿ (ತಿಪಟೂರು)
ಕಾಕಾ ಚೆನ್ನಾಗಿ ಹೇಳಿದ್ರಿ. ಗಾಲಿಗೆ ಕೊಬ್ಬರಿ ಎಣ್ಣೆ ಬಿಡಬಹುದಾ? ನಮ್ಮ ಕಡೆ ಹೊಲಿಗೆ ಮೆಷಿನ್‌ಗೂ ಅದನ್ನೇ ಬಿಡೋರು ಇದ್ದಾರೆ.

ಸಿವಿ_29 (ಬೆಂಗಳೂರು)
ದಯವಿಟ್ಟು ಬೇಡ! ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ ಸೂಜಿ ತುದಿಯಲ್ಲಿ ತೆಗೆದುಕೊಂಡು ಬೇರಿಂಗ್‌ಗೆ ಒಂದು ಹನಿ, ಅಷ್ಟೇ ಸಾಕು. ಪ್ಲಾಸ್ಟಿಕ್ ಗೇರ್ ಇರುವ ಹೊಸ ಎಂಜಿನ್ನಿಗೆ ಪ್ಲಾಸ್ಟಿಕ್ ಹಾಳು ಮಾಡದ ಎಣ್ಣೆ ಅಂತ ಬರೆದಿರುವುದನ್ನೇ ಕೊಳ್ಳಿ. ಡಬ್ಲ್ಯೂಡಿ-40 ಕೂಡ ಬೇಡ.

ಈಗ ಡಿಜಿಟಲ್ ಪರವಾಗಿ ಮಾತಾಡ್ತೀನಿ, ಯಾಕಂದ್ರೆ ಇಲ್ಲಿ ಎಲ್ಲರೂ ಹಳೆಯದನ್ನೇ ಹೊಗಳುತ್ತಾರೆ ಅಂತ ಗೊತ್ತು. ಡಿಸಿಸಿ, ಅಂದರೆ ಈ ಡಿಜಿಟಲ್ ಕಂಟ್ರೋಲ್ ಪದ್ಧತಿ, ಮಂತ್ರವಲ್ಲ. ಹಳಿಯಲ್ಲಿ ಯಾವಾಗಲೂ 14ರಿಂದ 16 ವೋಲ್ಟ್ ಇರುತ್ತದೆ. ಆ ಕರೆಂಟಿನಲ್ಲೇ ಸಂದೇಶವೂ ಹೋಗುತ್ತದೆ. ಎಂಜಿನ್ ಒಳಗಿನ ಡಿಕೋಡರ್ ಅನ್ನುವ ಚಿಪ್ ತನ್ನ ನಂಬರಿಗೆ ಬಂದ ಸಂದೇಶ ಓದಿ ಮೋಟರಿಗೆ ಬೇಕಾದಷ್ಟು ಕೊಡುತ್ತದೆ. ಹೊಸ ಡಿಕೋಡರ್ ಪೆಟ್ಟಿಗೆಯಿಂದ ಬರುವಾಗ ನಂಬರ್ 3 ಆಗಿರುತ್ತದೆ.

ರಿಪೇರಿ ಕಷ್ಟ ಅನ್ನುವವರಿಗೆ ಒಂದು ಮಾತು. ಎಂಜಿನ್ ಸುಮ್ಮನೆ ನಿಂತಿತು ಅಂದುಕೊಳ್ಳಿ. 8 ಪಿನ್ನಿನ ಡಿಕೋಡರನ್ನು ಸಾಕೆಟ್ಟಿನಿಂದ ಕೀಳಿ. ಆ ಜಾಗದಲ್ಲಿ ಎಂಜಿನ್ ಜೊತೆ ಬರುವ ಖಾಲಿ ಪ್ಲಗ್ ಚುಚ್ಚಿ. ಹಳಿಗೆ ಸಾದಾ 12 ವೋಲ್ಟ್ ಡಿಸಿ ಕೊಡಿ. ಓಡಿತು ಅಂದರೆ ದೋಷ ಡಿಕೋಡರಿನದು, ಬೇರೆ ಹಾಕಿ. ಓಡಲಿಲ್ಲ ಅಂದರೆ ಮೋಟರ್, ಗೇರ್ ಅಥವಾ ತಂತಿಯದು. ಐದು ನಿಮಿಷದಲ್ಲಿ ದೋಷ ಎಲ್ಲಿ ಅಂತ ಗೊತ್ತಾಯ್ತು. ಹಳೇ ಮೋಟರಿನಲ್ಲಿ ಇಷ್ಟು ಬೇಗ ಗೊತ್ತಾಗುತ್ತಾ, ನೀವೇ ಹೇಳಿ.

ಇನ್ನೊಂದು. ಎಷ್ಟೋ ಸಲ ಡಿಕೋಡರ್ ಸತ್ತಿರುವುದೇ ಇಲ್ಲ, ಸೆಟ್ಟಿಂಗ್ ಕೆಟ್ಟಿರುತ್ತದೆ. ಬಹಳಷ್ಟು ಕಂಪನಿಗಳ ಡಿಕೋಡರಿನಲ್ಲಿ ಸಿವಿ 8ಕ್ಕೆ (ಸಿವಿ ಅಂದರೆ ಡಿಕೋಡರಿನ ಸೆಟ್ಟಿಂಗ್ ಸಂಖ್ಯೆ) 8 ಅಂತ ಬರೆದರೆ ಎಲ್ಲಾ ಮೊದಲಿನ ಸ್ಥಿತಿಗೆ ಬರುತ್ತದೆ. ಕಸದ ಬುಟ್ಟಿಗೆ ಹೊರಟ ಎಂಜಿನ್‌ಗಳು ಇದರಿಂದ ಎದ್ದು ಓಡಿದ್ದನ್ನು ನೋಡಿದ್ದೇನೆ.

ಕಮ್ಯುಟೇಟರ್_ಕಾಕಾ
ಸಾಕೆಟ್ ಇರುವ ಎಂಜಿನ್ನಿಗೆ ನಿಮ್ಮ ಮಾತು ನೂರಕ್ಕೆ ನೂರು ಖರೆ. ಆದರೆ ಮೇಡಂ, ಮಕ್ಕಳ ಸ್ಟಾರ್ಟರ್ ಸೆಟ್ಟುಗಳಲ್ಲಿ ಎಷ್ಟೋ ಕಡೆ ಸಾಕೆಟ್ಟೇ ಇರುವುದಿಲ್ಲ. ಡಿಕೋಡರ್, ದೀಪ, ಶಬ್ದ ಎಲ್ಲಾ ಒಂದೇ ಬೋರ್ಡಿನಲ್ಲಿ ಬೆಸೆದಿರುತ್ತಾರೆ. ಅದು ಹೋದರೆ ಏನನ್ನು ಕೀಳೋದು, ಏನನ್ನು ಚುಚ್ಚೋದು? ಪೂರ್ತಿ ಬೋರ್ಡ್ ತರಿಸಬೇಕು. ಅದು ಸಿಗದಿದ್ದರೆ ಎಂಜಿನ್ ಶೋಕೇಸಿಗೆ ಹೋಗುತ್ತದೆ.

ಸಿವಿ_29
ಒಪ್ಪಿದೆ. ಅದಕ್ಕೇ ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಒಳಗೆ ಯಾವ ಸಾಕೆಟ್ ಇದೆ? 8 ಪಿನ್, 21 ಪಿನ್, ಪ್ಲಕ್ಸ್22, ನೆಕ್ಸ್ಟ್18, ಇದರಲ್ಲಿ ಯಾವುದಿದ್ದರೂ ಸರಿ. ಇವೆಲ್ಲ ಎಲ್ಲಾ ಕಂಪನಿಗಳೂ ಬಳಸುವ ಅಳತೆಗಳು. ಒಂದು ಕಂಪನಿ ಮುಚ್ಚಿದರೂ ಇನ್ನೊಂದರ ಡಿಕೋಡರ್ ಕೂರುತ್ತದೆ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲ ಅಂದರೆ ಬೇರೆ ಅಂಗಡಿ ನೋಡಿ.

ನೆಕರ್_ದಡ (ಸ್ಟುಟ್‌ಗಾರ್ಟ್)
ನಾನಿರುವ ಊರಿನಿಂದ ರೈಲಿನಲ್ಲಿ ಸ್ವಲ್ಪ ದೂರ ಹೋದರೆ ಗೊಪಿಂಗೆನ್ ಸಿಗುತ್ತದೆ. 1859ರಲ್ಲಿ ಶುರುವಾದ, ಮಾದರಿ ರೈಲು ಮಾಡುವ ಮೇರ್ಕ್ಲಿನ್ ಕಂಪನಿಯ ಊರು ಅದು. ಇಲ್ಲಿ ಹಳೇ ಸಾಮಾನಿನ ಸಂತೆಗಳಲ್ಲಿ ಅಜ್ಜಂದಿರು ಡಬ್ಬಗಟ್ಟಲೆ ಬಿಡಿಭಾಗ ಇಟ್ಟುಕೊಂಡು ಕೂತಿರುತ್ತಾರೆ. ಬ್ರಷ್, ಬಲ್ಬ್, ರಬ್ಬರ್ ಟೈರ್, ಎಲ್ಲಾ ಸಿಗುತ್ತದೆ.

ಹಳೇ ಮೇರ್ಕ್ಲಿನ್ ಸಂಗತಿ ಬೇರೆ. ಅದು ಎಸಿಯಲ್ಲಿ ಓಡುವುದು. ಮೋಟರಿನಲ್ಲಿ ಮ್ಯಾಗ್ನೆಟ್ ಬದಲು ತಂತಿ ಸುತ್ತಿದ ಫೀಲ್ಡ್ ಕಾಯಿಲ್ ಇರುತ್ತದೆ. ಹಾಗಾಗಿ ಕಾಕಾ ಹೇಳಿದ ಮ್ಯಾಗ್ನೆಟ್ ಸೊರಗುವ ಕಾಯಿಲೆ ಅದಕ್ಕಿಲ್ಲ. ನಮ್ಮ ಮನೆಯಲ್ಲಿ 1950ರ ದಶಕದ ಎಂಜಿನ್ ಒಂದಿದೆ. ಬ್ರಷ್ ಬದಲಿಸಿ ಎಣ್ಣೆ ಬಿಟ್ಟರೆ ಸಾಕು, ಗುರ್ ಅಂತ ಹೊರಡುತ್ತದೆ. ದಿಕ್ಕು ಬದಲಿಸೋಕೆ ಟ್ರಾನ್ಸ್‌ಫಾರ್ಮರಿನ ನಾಬ್ ಹಿಂದಕ್ಕೆ ಒತ್ತಬೇಕು. ಆಗ 24 ವೋಲ್ಟಿನ ಒಂದು ಹೊಡೆತ ಹೋಗಿ ಒಳಗಿನ ರಿಲೇ ಟಕ್ ಅಂತ ಬದಲಾಗುತ್ತದೆ. ಆ ರಿಲೇಯ ಸಣ್ಣ ಸ್ಪ್ರಿಂಗ್ ತೀರಾ ಬಿಗಿಯಾದರೆ ದಿಕ್ಕು ಬದಲಾಗುವ ಬದಲು ಎಂಜಿನ್ ಮುಂದಕ್ಕೆ ಜಿಗಿಯುತ್ತದೆ. ಸ್ಪ್ರಿಂಗ್ ಕೊಕ್ಕೆ ಸ್ವಲ್ಪ ಬಗ್ಗಿಸಿದರೆ ರಿಪೇರಿ ಮುಗಿಯಿತು.

ಒಂದು ಎಚ್ಚರಿಕೆ ಎಲ್ಲರಿಗೂ. ಹಳೇ ನೀಲಿ ಬಣ್ಣದ ಟ್ರಾನ್ಸ್‌ಫಾರ್ಮರುಗಳು 220 ವೋಲ್ಟಿಗೆ ಮಾಡಿದ್ದವು. ಈಗ ಮನೆಗೆ ಬರುವುದು 230. ಹೊಡೆತದ ವೋಲ್ಟೇಜ್ 24ಕ್ಕಿಂತ ಮೇಲೆ ಹೋಗುತ್ತದೆ. ಹಳೇ ರಿಲೇ ತಡೆದುಕೊಳ್ಳುತ್ತದೆ. ಡಿಜಿಟಲ್ ಡಿಕೋಡರ್ ಇರುವ ಎಂಜಿನ್ನನ್ನು ಅದರ ಮೇಲೆ ಇಟ್ಟು ದಿಕ್ಕು ಬದಲಿಸಿದರೆ ಡಿಕೋಡರ್ ಸುಟ್ಟುಹೋಗಬಹುದು. ಹಳೆಯದು ಹೊಸದು ಎರಡನ್ನೂ ಒಂದೇ ಹಳಿಯಲ್ಲಿ ಓಡಿಸುವವರು ಇದನ್ನು ಮರೆಯಬೇಡಿ.

ಹಳಿಪ್ರಿಯ
ಟ್ರಾನ್ಸ್‌ಫಾರ್ಮರ್ ಮಾತು ಬಂತು, ಹೇಳಿಬಿಡ್ತೀನಿ. ಉರಿಗಾಂ ಸಾರ್, ತಾತನ ಕಾಲದ ಕಂಟ್ರೋಲರ್ ಇದ್ದರೆ ಗೋಡೆಗೆ ಚುಚ್ಚಬೇಡಿ. ಆ ಕಾಲದ ರಬ್ಬರ್ ವೈರು ಒಣಗಿ ಪುಡಿಪುಡಿ ಆಗಿರುತ್ತದೆ. ಹೊರಗಿನ ತಗಡಿಗೆ ಮೇನ್ಸ್ ತಗುಲಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಹೊಸ 12 ವೋಲ್ಟ್ ಕಂಟ್ರೋಲರ್ ತಗೊಳ್ಳಿ. ಮನೇಲಿ ಮಗು ಇದೆ.

ಉರಿಗಾಂ_ಲೈನ್
ಒಳ್ಳೇ ಮಾತು ಹಳಿಪ್ರಿಯ ಅವರೇ. ಹಳೇ ಕಂಟ್ರೋಲರ್ ಪಕ್ಕಕ್ಕೆ ಇಟ್ಟೆ. ಕಾಕಾ, ಓಮ್ ನೋಡಿದೆ. ಮೂರೂ ಒಂದೇ ಬಂತು! ಸಂದಿಯಲ್ಲಿ ನಿಜಕ್ಕೂ ಕಪ್ಪು ಅಂಟು ಇತ್ತು. ಕೆರೆದ ಮೇಲೆ ತಳ್ಳದೆ ಹೊರಡುತ್ತಿದೆ. ಬಿಸಿ ಆಗುವುದು ಮಾತ್ರ ಹೋಗಿಲ್ಲ.

ಕಮ್ಯುಟೇಟರ್_ಕಾಕಾ
ಶಾಬಾಸ್. ಈಗ ಮೀಟರನ್ನು ಒಂದು ವೈರಿನ ಮಧ್ಯೆ ಸೇರಿಸಿ ಎಷ್ಟು ಕರೆಂಟ್ ಎಳೆಯುತ್ತದೆ ನೋಡಿರಿ. ಡಬ್ಬಿ ಇಲ್ಲದೆ ಎಂಜಿನ್ ಒಂದೇ ಓಡುವಾಗ ಅರ್ಧ ಆಂಪಿಯರ್ ಆಸುಪಾಸು ಇದ್ದರೆ ಹಳೇ ಮೋಟರಿಗೆ ಅದು ಸರಿ. ಒಂದು ಆಂಪಿಯರ್ ದಾಟಿದರೆ ಮ್ಯಾಗ್ನೆಟ್ ಸೊರಗಿದೆ ಅಂತ ತಿಳಿಯಿರಿ.

ಕಡಲ_ಗಾಳಿ (ಮಂಗಳೂರು)
ಹಳೆಯದನ್ನು ಹೊಗಳುವವರು ನಮ್ಮ ಊರಿಗೆ ಬಂದು ನೋಡಿ ಮಾರಾಯ್ರೆ. ಮಳೆಗಾಲದಲ್ಲಿ ಉಕ್ಕಿನ ಹಳಿ ಒಂದು ವಾರಕ್ಕೆ ಕೆಂಪಾಗುತ್ತದೆ. ಹಿತ್ತಾಳೆ ಹಳಿ ಕಪ್ಪು ಹಿಡಿದು ಕರೆಂಟ್ ಬಿಡುವುದಿಲ್ಲ. ನಿಕ್ಕಲ್ ಸಿಲ್ವರ್ ಹಳಿ ಮಾತ್ರ ತಾಳುತ್ತದೆ.

ಇನ್ನೊಂದು ದೊಡ್ಡ ಪಿಡುಗು ಯಾರೂ ಹೇಳಲಿಲ್ಲ. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಭಾಗಗಳಿಗೆ ಬರುವ ಕಾಯಿಲೆ. ಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಒಳಗಿಂದಲೇ ಉಬ್ಬಿ ಬಿರಿಯುತ್ತದೆ, ಕೊನೆಗೆ ಬೆರಳಲ್ಲಿ ಒತ್ತಿದರೆ ಮುರಿಯುತ್ತದೆ. ತೇವ ಇದ್ದಲ್ಲಿ ಇನ್ನೂ ಬೇಗ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಎಂಜಿನ್‌ಗಳಲ್ಲಿ, ಗಾಲಿಗಳಲ್ಲಿ ಇದು ಜಾಸ್ತಿ. ಇದಕ್ಕೆ ಮದ್ದೇ ಇಲ್ಲ. ಬ್ರಷ್ ಬದಲಿಸಬಹುದು, ಬಿರಿದ ಚಾಸಿ ಏನು ಮಾಡ್ತೀರಿ? ಹಳೆಯದೆಲ್ಲ ರಿಪೇರಿ ಆಗುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕಮ್ಯುಟೇಟರ್_ಕಾಕಾ
ಸರಿಯಾದ ಮಾತು. ಉರಿಗಾಂ ಅವರ ಸೆಟ್ಟು ಯುದ್ಧದ ನಂತರದ್ದು ಅಂತ ಕಾಣುತ್ತದೆ. ಅಷ್ಟೊತ್ತಿಗೆ ಲೋಹದ ಗುಣಮಟ್ಟ ಸುಧಾರಿಸಿತ್ತು. ಆದರೂ ಚಾಸಿಯ ಅಂಚಿನಲ್ಲಿ ಕೂದಲೆಳೆ ಬಿರುಕು ಇದೆಯಾ ಅಂತ ಭೂತಕನ್ನಡಿ ಹಿಡಿದು ನೋಡುವುದು ಒಳ್ಳೆಯದು.

ಕಡಲ_ಗಾಳಿ
ಮತ್ತೆ ಈ ಕಾಯಿಲೆ ಹಳೆಯದಕ್ಕೆ ಮಾತ್ರ ಅಂತಲೂ ಅಲ್ಲ. 2000ದ ನಂತರದ ಕೆಲವು ಮಾಡೆಲ್‌ಗಳ ಚಾಸಿಗೂ ಬಂದಿದೆ. ಕೊಳ್ಳುವಾಗ ಬಾಡಿ ಬಾಗಿದೆಯಾ, ಚಾಸಿ ಬಿಗಿದು ಕೂತಿದೆಯಾ ಅಂತ ನೋಡಿಯೇ ದುಡ್ಡು ಕೊಡಿ.

ಹಡ್ಸನ್_ಹಳ್ಳಿ (ನ್ಯೂಜೆರ್ಸಿ)
ಅಮೆರಿಕದ ಕಡೆಯ ಮಾತು ಸ್ವಲ್ಪ ಸೇರಿಸುತ್ತೇನೆ. ಇಲ್ಲಿ ಹಳೇ ರೈಲು ಅಂದರೆ ಲಯನೆಲ್. 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಕಂಪನಿ. ಯುದ್ಧದ ನಂತರದ ಲಯನೆಲ್ ಎಂಜಿನ್ ಬಿಚ್ಚಿದರೆ ಒಳಗಿನ ಪ್ರತಿ ಭಾಗವೂ ಬೇರೆ ಬೇರೆಯಾಗಿ ಬರುತ್ತದೆ. ದಿಕ್ಕು ಬದಲಿಸುವ ಇ-ಯುನಿಟ್ ಅನ್ನುವ ಭಾಗದಲ್ಲಿ ಒಂದು ಸಣ್ಣ ಡ್ರಮ್, ಅದನ್ನು ಮುಟ್ಟುವ ತಾಮ್ರದ ಬೆರಳುಗಳು. ಮುಂದಕ್ಕೆ, ನಿಲುಗಡೆ, ಹಿಂದಕ್ಕೆ, ನಿಲುಗಡೆ, ಹೀಗೆ ಡ್ರಮ್ ತಿರುಗುತ್ತದೆ. ಬೆರಳು ಸವೆದರೆ ಹೊಸ ಬೆರಳು ಸಿಗುತ್ತದೆ. ಡ್ರಮ್ ಕೂಡ ಸಿಗುತ್ತದೆ.

ಊರಿಗೆ ತೆಗೆದುಕೊಂಡು ಹೋಗುವವರು ಗಮನಿಸಿ. ಇಲ್ಲಿನ ಟ್ರಾನ್ಸ್‌ಫಾರ್ಮರ್ 110-120 ವೋಲ್ಟ್, 60 ಹರ್ಟ್ಸಿನದು. ನಮ್ಮ 230ಕ್ಕೆ ನೇರ ಚುಚ್ಚಿದರೆ ಅಲ್ಲೇ ಹೊಗೆ. ಸ್ಟೆಪ್‌ಡೌನ್ ಹಾಕಿದರೂ 50 ಹರ್ಟ್ಸಿನಲ್ಲಿ ಅದು ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಬಹಳ ಹೊತ್ತು ಓಡಿಸಬೇಡಿ.

ಗೂಡ್ಸ್_ಶೆಡ್ (ದಾವಣಗೆರೆ)
ಡಿಜಿಟಲ್ ಕೊಳ್ಳೋಣ ಅಂತ ಮಾತಾಡ್ತಾ ಇದ್ದೀರಲ್ಲ, ಸುಂಕದ ಲೆಕ್ಕ ಹಾಕಿದ್ದೀರಾ? ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ 20ರಿಂದ 60ಕ್ಕೆ ಹೋಯಿತು. 2023ರಲ್ಲಿ ಶೇ 70 ಆಯಿತು. ಮಾದರಿ ರೈಲು ಕೂಡ ಆಟಿಕೆಯ ಪಟ್ಟಿಯಲ್ಲೇ ಬರುತ್ತದೆ. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಬೇರೆ. ವಾರಂಟಿಯಲ್ಲಿ ವಾಪಸ್ ಕಳಿಸಿ ಮತ್ತೆ ತರಿಸುವುದು ಅಂದರೆ ಮತ್ತೊಮ್ಮೆ ಕಸ್ಟಮ್ಸ್ ಬಾಗಿಲು ತಟ್ಟುವುದು. ಹಾಗಾಗಿ ನಮ್ಮ ದೇಶದಲ್ಲಿ ವಾರಂಟಿ ಅನ್ನುವುದನ್ನು ಮರೆತು, ನಾವೇ ಬಿಚ್ಚಿ ಸರಿಮಾಡಲು ಆಗುವುದನ್ನು ಮಾತ್ರ ಕೊಳ್ಳಬೇಕು ಅಂತ ನನ್ನ ಖಚಿತ ಅಭಿಪ್ರಾಯ.

ನೆಕರ್_ದಡ
ಇದಕ್ಕೆ ನನ್ನ ಪೂರ್ತಿ ಬೆಂಬಲ. ಇಲ್ಲಿ ಕುಳಿತ ನಮಗೆ ಕೌಂಟರಿಗೆ ಹೋಗಿ ಎಂಜಿನ್ ಕೊಟ್ಟು ಬರೋದು ಸುಲಭ. ಊರಿನಲ್ಲಿರುವವರ ಲೆಕ್ಕವೇ ಬೇರೆ.

ಅರಸೀಕೆರೆ_ಕ್ಯಾಬಿನ್ (ಅರಸೀಕೆರೆ)
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಬ್ರಿಟನ್, ಜರ್ಮನಿ, ಅಮೆರಿಕ ಎಲ್ಲ ಆಯ್ತು. ನಮ್ಮ ಮೀಟರ್ ಗೇಜಿನ ವೈಪಿ, ವೈಜಿ ಉಗಿ ಎಂಜಿನ್ ಮಾಡೆಲ್ ಮಾಡುವವರು ಯಾರೂ ಇಲ್ವಾ? ನಾನು ಹುಡುಗನಾಗಿದ್ದಾಗ ಅರಸೀಕೆರೆ ಜಂಕ್ಷನ್ನಿನಲ್ಲಿ ದಿನವೂ ನೋಡುತ್ತಿದ್ದದ್ದು ಅದನ್ನೇ.

ಹಳಿಪ್ರಿಯ
ಅಯ್ಯೋ, ಇದು ನನ್ನ ಕನಸೂ ಹೌದು. 1:87ರಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಮೀಟರ್ ಗೇಜ್ ಮಾಡಬೇಕಾದರೆ ಹಳಿ 12 ಮಿಮೀ ಇಡಬೇಕು. ಆ ಅಳತೆಯ ಹಳಿ ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ಮಾಡೆಲ್‌ಗಳಿಗಾಗಿ ಸಿಗುತ್ತದೆ. ಚಾಸಿಗೆ ಅಂಥದ್ದೇ ಒಂದು ತಳ ತಂದು ಮೇಲಿನ ಬಾಡಿ 3ಡಿ ಪ್ರಿಂಟ್ ಮಾಡಿಸಬಹುದು. ನಮ್ಮ ಬ್ರಾಡ್ ಗೇಜ್ ಕಥೆ ಇನ್ನೂ ಕಷ್ಟ. 1676 ಮಿಮೀ ಅನ್ನು 87ರಿಂದ ಭಾಗಿಸಿದರೆ 19 ಮಿಮೀ ದಾಟುತ್ತದೆ. ಅಂಥ ಹಳಿ ಅಂಗಡಿಯಲ್ಲಿ ಇಲ್ಲ. ಎಲ್ಲರೂ 16.5 ಮಿಮೀ ಮೇಲೆಯೇ ಓಡಿಸುತ್ತಾರೆ, ನಮ್ಮ ಡಬ್ಬಿಗಳು ಸ್ವಲ್ಪ ಕಾಲು ಸಣ್ಣಗೆ ಮಾಡಿಕೊಂಡ ಹಾಗೆ ಕಾಣುತ್ತವೆ.

ಅರಸೀಕೆರೆ_ಕ್ಯಾಬಿನ್
3ಡಿ ಪ್ರಿಂಟ್ ಮಾಡಿದರೆ ಗೇರ್ ಕೂಡ ಮಾಡಿಸಬಹುದಲ್ವಾ? ಹಾಗಾದರೆ ಬಿಡಿಭಾಗದ ಚಿಂತೆಯೇ ಇಲ್ಲ.

ಸಿವಿ_29
ಬಾಡಿ, ಚಿಮಣಿ, ಬಫರ್ ಮಾಡಿಸಿ. ಗೇರ್ ಬೇಡ. ರೆಸಿನ್ನಿನಲ್ಲಿ ಪ್ರಿಂಟ್ ಮಾಡಿದ ಸಣ್ಣ ಗೇರಿನ ಹಲ್ಲು ಬೇಗ ಸವೆಯುತ್ತದೆ ಅಥವಾ ಉದುರುತ್ತದೆ. ಹಲ್ಲು ಎಣಿಸಿ, ವ್ಯಾಸ ಮತ್ತು ಆಕ್ಸಲ್ ತೂತು ಅಳೆದು, ಅದೇ ಮಾಡ್ಯೂಲಿನ (ಹಲ್ಲಿನ ಅಳತೆ) ನೈಲಾನ್ ಅಥವಾ ಅಸಿಟಾಲ್ ಗೇರ್ ಹುಡುಕಿ.

ಗೇರ್ ಮಾತು ಬಂದಿದ್ದಕ್ಕೆ ಹೇಳ್ತೀನಿ. ಡೀಸೆಲ್ ಎಂಜಿನ್ ಮಾಡೆಲ್‌ಗಳಲ್ಲಿ ಟಿಕ್ ಟಿಕ್ ಅಂತ ಗಾಲಿಯ ಪ್ರತಿ ಸುತ್ತಿಗೂ ಸದ್ದು ಬಂದರೆ ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿದೆ ಅಂತ ಅರ್ಥ. ಪ್ಲಾಸ್ಟಿಕ್ ಕುಗ್ಗುತ್ತದೆ, ಉಕ್ಕಿನ ಆಕ್ಸಲ್ ಕುಗ್ಗುವುದಿಲ್ಲ, ಮಧ್ಯೆ ಸೀಳು ಬಿಡುತ್ತದೆ. ಅಂಟು ಹಾಕಿ ಪ್ರಯೋಜನ ಇಲ್ಲ, ಗೇರ್ ಬದಲಿಸಬೇಕು. ಇದಕ್ಕೂ ಡಿಜಿಟಲ್ಲಿಗೂ ಸಂಬಂಧವೇ ಇಲ್ಲ. ಜನ ಡಿಜಿಟಲ್ ಎಂಜಿನ್ ಕೆಟ್ಟಿತು ಅಂತ ಬೈಯುವಾಗ ಎಷ್ಟೋ ಸಲ ಕೆಟ್ಟಿರುವುದು ಇಂಥ ಒಂದು ಗೇರ್.

ಗೂಡ್ಸ್_ಶೆಡ್
ಅಥವಾ ಎಂಜಿನ್ನಿಗೂ ಅದರ ಹಿಂದಿನ ಟೆಂಡರಿಗೂ (ಕಲ್ಲಿದ್ದಲು, ನೀರಿನ ಡಬ್ಬಿ) ಮಧ್ಯೆ ಹೋಗುವ ಕೂದಲಿನಷ್ಟು ತೆಳುವಾದ ತಂತಿ.

ಸಿವಿ_29
ಹೌದು! ಅದು ಮೊದಲು ನೋಡಬೇಕಾದ ಜಾಗ. ತಿರುವಿನಲ್ಲಿ ಬಾಗಿ ಬಾಗಿ ಒಳಗೇ ತುಂಡಾಗಿರುತ್ತದೆ, ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಕಾಣುತ್ತದೆ.

ವಾಡಿ_ಪ್ಯಾಸೆಂಜರ್ (ಕಲಬುರಗಿ)
ಡಿಸಿಸಿ ಒಂದು ನಿಯಮ ಅಂತ ನೆಚ್ಚಿಕೊಂಡಿದ್ದೀರಿ. ಅದು ಬರುವ ಮೊದಲೂ ಡಿಜಿಟಲ್ ಇತ್ತು. 1980ರ ಹೊತ್ತಿಗೆ ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯ ಝೀರೋ 1 ಅಂತ ಬಂದಿತ್ತು, ಒಂದೇ ಹಳಿಯಲ್ಲಿ 16 ಎಂಜಿನ್ ಬೇರೆ ಬೇರೆ ಓಡಿಸಬಹುದಿತ್ತು. ಈಗಿನ ಡಿಸಿಸಿ ಜೊತೆ ಅದು ಮಾತಾಡುವುದಿಲ್ಲ. ಅದರ ಮಾಡ್ಯೂಲ್ ಹೋದರೆ ಹಳೇ ಸ್ಟಾಕಿನಲ್ಲಿ ಹುಡುಕಬೇಕು. ಅದೇ ಕಂಪನಿಯ ಅದಕ್ಕಿಂತ ಹಳೇ ಸಾದಾ ಎಂಜಿನ್ ಇವತ್ತು 12 ವೋಲ್ಟ್ ಕೊಟ್ಟರೆ ಇವತ್ತೇ ಓಡುತ್ತದೆ. ನಾಳೆ ಡಿಸಿಸಿಗೂ ಅದೇ ಗತಿ ಬರಲ್ಲ ಅಂತ ಏನು ಭರವಸೆ? ಬ್ಲೂಟೂತ್, ಮೊಬೈಲ್ ಆ್ಯಪ್ ನಂಬಿಕೊಂಡಿರುವ ರೈಲುಗಳ ಕಥೆ ಹೇಳುವುದೇ ಬೇಡ. ಆ್ಯಪ್ ಹೊಸ ಫೋನಿಗೆ ಬರದಿದ್ದರೆ ಎಂಜಿನ್ ಒಳಗೆ ಏನೂ ಕೆಡದೆಯೂ ನಿಂತುಹೋಗುತ್ತದೆ.

ಸಿವಿ_29
ಆ್ಯಪ್ ವಿಷಯದಲ್ಲಿ ನಿಮ್ಮದೇ ಸರಿ. ಆದರೆ ಝೀರೋ 1 ಒಂದು ಕಂಪನಿಯ ಸೊತ್ತು. ಡಿಸಿಸಿ ಹಾಗಲ್ಲ. ಜರ್ಮನಿಯ ಲೆನ್ಸ್ ಕಂಪನಿ ಮಾಡಿದ್ದನ್ನು 1990ರ ದಶಕದಲ್ಲಿ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಎಲ್ಲರಿಗೂ ತೆರೆದ ನಿಯಮವಾಗಿ ಬರೆದಿಟ್ಟಿತು. ಒಂದು ಬಿಟ್ ಎಷ್ಟು ಹೊತ್ತು ಇರಬೇಕು ಅನ್ನುವುದೂ ಅದರಲ್ಲಿದೆ. 1 ಅನ್ನುವುದಕ್ಕೆ ಅರ್ಧ ಭಾಗ 58 ಮೈಕ್ರೋಸೆಕೆಂಡ್, 0ಗೆ ಅದಕ್ಕಿಂತ ಉದ್ದ. ಅದನ್ನು ಓದಿಕೊಂಡು ಆರ್ಡುಯಿನೋ ಅನ್ನುವ ಸಣ್ಣ ಪ್ರೋಗ್ರಾಮ್ ಬೋರ್ಡಿನಲ್ಲಿ ಕಂಟ್ರೋಲರ್ ಕಟ್ಟುವವರು ಪ್ರಪಂಚದ ತುಂಬ ಇದ್ದಾರೆ. ಎಸ್.ಪಿ. ರೋಡಿನಲ್ಲಿ ಸಿಗುವ ಸಾಮಾನಿನಲ್ಲೇ ನಾನೂ ಒಂದು ಕಟ್ಟಿದ್ದೇನೆ. ಕಂಪನಿಗಳೆಲ್ಲ ಮುಚ್ಚಿದರೂ ನನ್ನ ಎಂಜಿನ್ ಓಡುತ್ತದೆ. ತೆರೆದ ನಿಯಮ ಅನ್ನುವುದಕ್ಕೆ ಇರುವ ಬೆಲೆ ಇದು.

ವಾಡಿ_ಪ್ಯಾಸೆಂಜರ್
ಕಂಟ್ರೋಲರ್ ಕಟ್ಟಿದಿರಿ, ಸಂತೋಷ. ಎಂಜಿನ್ನಿನೊಳಗಿನ ಸೌಂಡ್ ಡಿಕೋಡರ್ ಕಟ್ಟುತ್ತೀರಾ? ಅದರ ಶಬ್ದದ ಫೈಲು ಆ ಕಂಪನಿಯ ಪೆಟ್ಟಿಗೆಯಿಂದಲೇ ತುಂಬಬೇಕು.

ಸಿವಿ_29
ಸೌಂಡ್ ಇಲ್ಲದ ಡಿಕೋಡರನ್ನು ಹವ್ಯಾಸಿಗಳು ಕಟ್ಟಿದ್ದಾರೆ. ಸೌಂಡಿನದು ಕಷ್ಟ, ಒಪ್ಪುತ್ತೇನೆ. ಅದಕ್ಕೇ ನನ್ನ ಸಲಹೆ: ಮೊದಲು ಸಾಕೆಟ್ ಇರುವ ಸಾದಾ ಎಂಜಿನ್ ಕೊಳ್ಳಿ, ಸೌಂಡ್ ಬೇಕಾದಾಗ ಬೇರೆಯಾಗಿ ಹಾಕಿ. ಒಂದು ಹೋದರೆ ಒಂದೇ ಹೋಗುತ್ತದೆ.

ಉರಿಗಾಂ_ಲೈನ್
ಈ ಸಾಕೆಟ್ಟಿನ ಮಾತು ನನಗೆ ಬಹಳ ಉಪಯೋಗ ಆಯಿತು ಮೇಡಂ. ನನ್ನ ಮೂರನೇ ಪ್ರಶ್ನೆ ಉಳಿದಿದೆ. ತಾತನ ಎಂಜಿನ್ನಿಗೆ ಚಿಪ್ ಹಾಕಬಹುದಾ?

ಕಮ್ಯುಟೇಟರ್_ಕಾಕಾ
ಹಾಕಬಹುದು. ಹಾಕಬೇಡಿ ಅಂತ ನನ್ನ ಸಲಹೆ.

ಸಿವಿ_29
ಈ ಒಂದು ವಿಷಯದಲ್ಲಿ ನಾನೂ ಕಾಕಾ ಜೊತೆ. ಕಾರಣ ಹೇಳ್ತೀನಿ. ಹಳೇ ಮೂರು ಹಳಿ ಎಂಜಿನ್ನಿನಲ್ಲಿ ಇಡೀ ಚಾಸಿಯೇ ಕರೆಂಟಿನ ವಾಪಸ್ ದಾರಿ. ಮೋಟರಿನ ಒಂದು ಬ್ರಷ್ ನೇರ ಚಾಸಿಗೆ ತಗುಲಿರುತ್ತದೆ. ಡಿಕೋಡರ್ ಹಾಕಬೇಕಾದರೆ ಎರಡೂ ಬ್ರಷ್ ಚಾಸಿಯಿಂದ ಪೂರ್ತಿ ಬೇರೆ ಇರಬೇಕು. ಎಲ್ಲಾದರೂ ಒಂದು ಕಡೆ ಮುಟ್ಟಿದರೆ ಹಳಿಯ ಪೂರ್ತಿ ವೋಲ್ಟೇಜ್ ಡಿಕೋಡರಿನ ಮೋಟರ್ ಕಾಲಿಗೆ ನುಗ್ಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಚಿಪ್ ಹೋಯಿತು. ಇನ್ನೊಂದು, ಆ ಮೋಟರ್ ಎಳೆಯುವ ಕರೆಂಟಿಗೆ ಈ ಸೈಜಿನ ಸಾಮಾನ್ಯ ಡಿಕೋಡರಿನ ಒಂದು ಆಂಪಿಯರ್ ಸಾಲುವುದಿಲ್ಲ. ಮ್ಯಾಗ್ನೆಟ್ ಸರಿಮಾಡದೆ ಹಾಕಿದರಂತೂ ಖಂಡಿತ ಸುಡುತ್ತದೆ.

ಇನ್ನೊಂದು ಅಪಾಯ. ಕೆಲವು ಡಿಸಿಸಿ ಕಂಟ್ರೋಲರುಗಳಲ್ಲಿ ನಂಬರ್ 0 ಕೊಟ್ಟರೆ ಚಿಪ್ ಇಲ್ಲದ ಎಂಜಿನ್ ಕೂಡ ಓಡುತ್ತದೆ. ಆ ಆಸೆಗೆ ಬೀಳಬೇಡಿ. ಎಂಜಿನ್ ನಿಂತಿದ್ದಾಗಲೂ ಮೋಟರ್ ಒಳಗೆ ಗುಂಯ್ ಅಂತ ಬಿಸಿಯಾಗುತ್ತಲೇ ಇರುತ್ತದೆ. ಹೊಸ ಕೋರ್‌ಲೆಸ್ ಮೋಟರ್ (ಸುರುಳಿಯೊಳಗೆ ಕಬ್ಬಿಣ ಇಲ್ಲದ್ದು) ಆದರೆ ಬೇಗ ಸುಟ್ಟೇ ಹೋಗುತ್ತದೆ.

ಹಡ್ಸನ್_ಹಳ್ಳಿ
ಬೆಲೆಯ ದೃಷ್ಟಿಯಿಂದಲೂ ಬೇಡ. ಕೊರೆದು ಕತ್ತರಿಸಿದ ಹಳೇ ಚಾಸಿಗೆ ಸಂಗ್ರಹಕಾರರು ಅರ್ಧ ಬೆಲೆಯೂ ಕೊಡುವುದಿಲ್ಲ.

ಉರಿಗಾಂ_ಲೈನ್
ಮಾರುವ ಯೋಚನೆ ಇಲ್ಲ ಸಾರ್. ಆದರೂ ಚಿಪ್ ವಿಚಾರ ಬಿಟ್ಟೆ. ಎರಡಕ್ಕೂ ಬೇರೆ ಬೇರೆ ಹಳಿ ಹಾಕುತ್ತೇನೆ. ಕಾಕಾ, ಕರೆಂಟ್ ಅಳೆದೆ, ಒಂದು ಆಂಪಿಯರಿಗಿಂತ ಮೇಲೇ ಇದೆ. ನಮ್ಮೂರಿನಲ್ಲಿ ಪಂಪ್‌ಸೆಟ್ ಮೋಟರ್ ರೀವೈಂಡಿಂಗ್ ಮಾಡುವವರು ಇದ್ದಾರೆ. ಅವರ ಹತ್ತಿರ ತೆಗೆದುಕೊಂಡು ಹೋಗಲಾ?

ಕಮ್ಯುಟೇಟರ್_ಕಾಕಾ
ನಿಮ್ಮ ಸುತ್ತು ಚೆನ್ನಾಗಿದೆ, ರೀವೈಂಡಿಂಗ್ ಬೇಕಿಲ್ಲ. ಮುಂದೆ ಬೇಕಾದರೆ ಅವರೇ ಸರಿಯಾದವರು. ಹಳೇ ತಂತಿಯ ದಪ್ಪ ಮತ್ತು ಸುತ್ತು ಎಣಿಸಿ ಕೊಟ್ಟರೆ ಮಿಕ್ಸಿ ಆರ್ಮೇಚರ್ ಸುತ್ತುವ ಕೈ ಇದನ್ನೂ ಸುತ್ತುತ್ತದೆ. ಹುಬ್ಬಳ್ಳಿಯಲ್ಲಿ ನಾನು ಮಾಡಿಸಿದ್ದೇನೆ.

ಈಗ ನಿಮಗೆ ಬೇಕಾಗಿರುವುದು ಮ್ಯಾಗ್ನೆಟ್. ಎರಡು ದಾರಿ ಇದೆ. ಹಳೆಯದಕ್ಕೇ ಮತ್ತೆ ಸೆಳೆತ ತುಂಬಿಸುವುದು ಒಂದು, ಅದಕ್ಕೆ ಬೇಕಾದ ಮೆಷಿನ್ ಇರುವವರು ಕಡಿಮೆ. ಇನ್ನೊಂದು, ಹಳೇ ಮ್ಯಾಗ್ನೆಟ್ ಜಾಗದಲ್ಲಿ ಸಣ್ಣ ನಿಯೋಡಿಮಿಯಂ ಬಿಲ್ಲೆಗಳನ್ನು ಕೂರಿಸುವುದು.

ಉರಿಗಾಂ_ಲೈನ್
ನಿಯೋಡಿಮಿಯಂ ಸುಲಭವಾಗಿ ಸಿಗುತ್ತೆ. ಅಳತೆ ಹೇಗೆ ನೋಡೋದು?

ಕಮ್ಯುಟೇಟರ್_ಕಾಕಾ
ಹಳೇ ಮ್ಯಾಗ್ನೆಟ್ಟಿನ ಉದ್ದ, ಅಗಲ, ದಪ್ಪ ವರ್ನಿಯರ್‌ನಲ್ಲಿ ಅಳೆಯಿರಿ. ಅದರೊಳಗೆ ಕೂರುವ ಬಿಲ್ಲೆ ತೆಗೆದುಕೊಳ್ಳಿ. ದಪ್ಪ ಕಡಿಮೆ ಬಂದರೆ ಉಳಿದ ಜಾಗಕ್ಕೆ ಮೆದು ಕಬ್ಬಿಣದ ತುಂಡು ತುಂಬಿರಿ. ಹಿತ್ತಾಳೆ, ಅಲ್ಯೂಮಿನಿಯಂ ನಡೆಯುವುದಿಲ್ಲ, ಸೆಳೆತ ಅದರಲ್ಲಿ ಹಾಯುವುದಿಲ್ಲ. ತೀರಾ ಜೋರಿನ ಮ್ಯಾಗ್ನೆಟ್ಟೂ ಬೇಡ, ಆರ್ಮೇಚರ್ ತಡೆತಡೆದು ತಿರುಗುತ್ತದೆ, ನಿಧಾನವಾಗಿ ಓಡಿಸುವುದು ಕಷ್ಟ ಆಗುತ್ತದೆ. ಕೂರಿಸುವಾಗ ಬೆರಳು ಜೋಪಾನ, ಕಚ್ಚಿಕೊಂಡರೆ ಚರ್ಮ ಕೀಳುತ್ತದೆ. ಮಗಳ ಕೈಗೆ ಬಿಡಿ ಬಿಲ್ಲೆ ಕೊಡಲೇಬೇಡಿ.

ಕೂರಿಸಿದ ಮೇಲೆ ಡಬ್ಬಿ ಇಲ್ಲದೆ ಓಡಿಸಿ ಮತ್ತೆ ಕರೆಂಟ್ ಅಳೆಯಿರಿ. ಎಂಜಿನ್ ಉಲ್ಟಾ ದಿಕ್ಕಿಗೆ ಹೊರಟರೆ ಮ್ಯಾಗ್ನೆಟ್ ಮುಖ ಅದಲುಬದಲಾಗಿದೆ ಅಂತ ಅರ್ಥ. ಮತ್ತೆ ಬಿಚ್ಚಿ ತಿರುಗಿಸಿ ಹಾಕಿದರೆ ಸರಿಹೋಗುತ್ತದೆ. ಹಳೇ ಮ್ಯಾಗ್ನೆಟ್ ಎಸೆಯಬೇಡಿ, ಎರಡು ಧ್ರುವಕ್ಕೂ ಅಡ್ಡವಾಗಿ ಒಂದು ಕಬ್ಬಿಣದ ಪಟ್ಟಿ ಇಟ್ಟು ಡಬ್ಬಿಯಲ್ಲಿ ಇಡಿ.

ತೆಂಗಿನ_ಗರಿ
ಎಣ್ಣೆ ಯಾವಾಗ ಬಿಡೋದು ಕಾಕಾ, ಮ್ಯಾಗ್ನೆಟ್ ಹಾಕೋಕೆ ಮೊದಲಾ, ಆಮೇಲಾ?

ಕಮ್ಯುಟೇಟರ್_ಕಾಕಾ
ಆಮೇಲೆ. ಮೊದಲು ಹಳೇ ಗ್ರೀಸ್ ಪೂರ್ತಿ ತೊಳೆಯಿರಿ. ಬೇರಿಂಗಿಗೆ ತೆಳು ಎಣ್ಣೆ, ವರ್ಮ್ ಗೇರಿಗೆ ಕಡಲೆಕಾಳಿನ ಕಾಲು ಭಾಗದಷ್ಟು ಗ್ರೀಸ್. ಕಮ್ಯುಟೇಟರಿಗೆ ಒಂದು ಹನಿಯೂ ಬೇಡ.